ಇಲ್ಲದ ದೀಪಸ್ತಂಭಕ್ಕೆ ಟಿಕೆಟ್

ಟೂರ್ ಕಂಪನಿಯೊಂದರ ಹೊಸ ಕರಪತ್ರ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಿಮಗೂ ಬಂದಿರುತ್ತದೆ. ಈಜಿಪ್ಟ್ ಪ್ಯಾಕೇಜು. ಪಿರಮಿಡ್ಡು, ನೈಲ್ ಕ್ರೂಸು, ಜೈನ್ ಊಟದ ವ್ಯವಸ್ಥೆ ಉಂಟು. ನಡುವೆ ಒಂದು ದಿನದ ಎದುರು ದಪ್ಪ ಅಕ್ಷರದಲ್ಲಿ ಹೀಗಿದೆ: ‘ಅಲೆಕ್ಸಾಂಡ್ರಿಯಾ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ದೀಪಸ್ತಂಭದ ದರ್ಶನ.’

ಇವರ ಧೈರ್ಯ ಮೆಚ್ಚಬೇಕು. ಆ ದೀಪಸ್ತಂಭ ನೆಲಕಚ್ಚಿ ಸುಮಾರು 700 ವರ್ಷವಾಯಿತು. 1303ರ ಭೂಕಂಪ ಅದರ ಸೊಂಟ ಮುರಿಯಿತು. 1326ರಲ್ಲಿ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ ಹೋದಾಗ ಒಂದು ಮಗ್ಗುಲು ಕುಸಿದಿತ್ತು. ಆಮೇಲೆ ಆತ ಊರೂರು ಅಲೆದ, ನಮ್ಮ ಹೊನ್ನಾವರಕ್ಕೂ ಬಂದು ಉಂಡು ಹೋದ. 1349ರಲ್ಲಿ ಮತ್ತೆ ಅಲ್ಲಿಗೆ ಹೋದರೆ ಒಳಗೆ ಕಾಲಿಡೋಕೂ ಆಗದಷ್ಟು ಹಾಳುಬಿದ್ದಿತ್ತು. ಅದನ್ನು ಇದ್ದ ಹಾಗೆ ಬರೆದಿಟ್ಟ. ಆ ಕಾಲದ ಪ್ರವಾಸಿಗಳಿಗೆ ವ್ಯಾಪಾರ ಗೊತ್ತಿರಲಿಲ್ಲ, ಪಾಪ.

ಈಗ ಹೋದರೆ ಏನು ತೋರಿಸುತ್ತಾರೆ ಅಂದರೆ, ಕೋಟೆ. 1477ರಲ್ಲಿ ಸುಲ್ತಾನ ಕೈತ್‌ಬೇ ಅದೇ ಜಾಗದಲ್ಲಿ, ಬಿದ್ದ ಕಲ್ಲುಗಳನ್ನೇ ಬಳಸಿ ಕಟ್ಟಿಸಲು ಶುರುಮಾಡಿದ ಕೋಟೆ. ಚೆನ್ನಾಗಿದೆ, ಇಲ್ಲ ಅನ್ನೋಲ್ಲ. ಆದರೆ ಗೈಡ್ ಮಹಾಶಯರು ಬೆರಳು ತೋರಿಸಿ ‘ದಿಸ್ ಈಸ್ ಲೈಟ್‌ಹೌಸ್’ ಎಂದುಬಿಡುತ್ತಾರೆ. ನಮ್ಮವರು ತಲೆಯೆತ್ತಿ ನೋಡುತ್ತಾರೆ. ಕೈರೋದಿಂದ 220 ಕಿಲೋಮೀಟರ್ ಬಸ್ಸಿನಲ್ಲಿ ಕೂತು ಬಂದಿದ್ದಾರೆ, ಸಂಜೆ ಅಷ್ಟೇ ದೂರ ವಾಪಸು ಹೋಗಬೇಕು. ಅಷ್ಟು ದೂರ ಬಂದವರಿಗೆ ಅದ್ಭುತ ಕಾಣಲೇಬೇಕು. ಕಾಣುತ್ತದೆ ಕೂಡ. ‘ಎಂಥಾ ಟೆಕ್ನಾಲಜಿ ರೀ ಆಗಿನ ಕಾಲಕ್ಕೇ!’

ಹಾಗಂತ ದೀಪಸ್ತಂಭ ಪೂರ್ತಿ ಇಲ್ಲ ಅಂತಲೂ ಅಲ್ಲ. ಕೋಟೆಯ ಕಾಲ ಬುಡದಲ್ಲೇ, ನೀರಿನಡಿ, ಅದರ ಕಲ್ಲುಗಳು ಬಿದ್ದಿವೆ. ಕಾಮೆಲ್ ಅಬುಲ್ ಸಾದತ್ ಎಂಬ ಮುಳುಗುಗಾರ 1961ರಲ್ಲೇ ಅವನ್ನು ಕಂಡು ಸರ್ಕಾರಕ್ಕೆ ತಿಳಿಸಿದ್ದ. ಸರ್ಕಾರ ಒಂದು ದೊಡ್ಡ ವಿಗ್ರಹ ಎತ್ತಿ, ಸುಸ್ತಾಗಿ ಸುಮ್ಮನಾಯಿತು. 1990ರ ದಶಕದಲ್ಲಿ ಮತ್ತೆ ಎಚ್ಚರವಾಯಿತು. ಕೈತ್‌ಬೇ ಕೋಟೆಗೆ ಅಲೆ ಬಡಿಯುತ್ತಿದೆ, ಪುರಾತನ ಸ್ಮಾರಕ, ಕಾಪಾಡಬೇಕು! ಕಾಂಕ್ರೀಟ್ ದಿಮ್ಮಿ ತಂದು ಸಮುದ್ರಕ್ಕೆ ಹಾಕಿದರು. ಎಲ್ಲಿ? ಸರಿಯಾಗಿ ದೀಪಸ್ತಂಭದ ಕಲ್ಲುಗಳ ಮೇಲೆ. ಅಲ್ಲಿ ಚಿತ್ರೀಕರಣ ಮಾಡುತ್ತಿದ್ದ ಸಿನಿಮಾ ನಿರ್ದೇಶಕಿ ಅಸ್ಮಾ ಅಲ್ ಬಕ್ರಿ ಕಂಡು ಬೊಬ್ಬೆ ಹಾಕದೆ ಇದ್ದಿದ್ದರೆ ಲೋಕದ ಅದ್ಭುತವೊಂದು ತಡೆಗೋಡೆಗೆ ತಳಪಾಯವಾಗಿರುತ್ತಿತ್ತು. ಸ್ಮಾರಕ ಉಳಿಸಲು ಸ್ಮಾರಕ ಹೂಳುವ ಈ ವಿದ್ಯೆ ಲೋಕೋಪಯೋಗಿ ಇಲಾಖೆ ಇರುವ ದೇಶದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಫ್ರೆಂಚ್ ಪುರಾತತ್ವಜ್ಞರು ಬಂದರು, ಸಾವಿರಾರು ಕಲ್ಲು ಗುರುತಿಸಿದರು. 2025ರಲ್ಲಿ 22 ಭಾರೀ ಕಲ್ಲುಗಳನ್ನು ಕ್ರೇನಿನಿಂದ ಎತ್ತಿದರು. ಒಂದೊಂದು 70–80 ಟನ್ ತೂಗುವ ಬಾಗಿಲ ಕಲ್ಲುಗಳೂ ಅದರಲ್ಲಿದ್ದವು. ಏಕೆ? ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ದೀಪಸ್ತಂಭ ಕಟ್ಟಲು. ಒಳ್ಳೆಯ ಕೆಲಸವೇ. ಕಂಪ್ಯೂಟರಿನಲ್ಲಿ ಭೂಕಂಪ ಆಗೋದಿಲ್ಲ ನೋಡಿ.

ಮುಂದಿನ ನಿಲ್ದಾಣ ‘ಪಾಂಪೆಯ ಕಂಬ’. ಇದು ನಿಜಕ್ಕೂ ನಿಂತಿದೆ. 27 ಮೀಟರ್ ಎತ್ತರ, ಕೆಂಪು ಗ್ರಾನೈಟು, ಕಂಬದ ಮೈ ಏಕಶಿಲೆ. ಆದರೆ ರೋಮನ್ ಸೇನಾಪತಿ ಪಾಂಪೆಗೂ ಇದಕ್ಕೂ ಸಂಬಂಧವೇ ಇಲ್ಲ. ಅವನು ಕ್ರಿಸ್ತಪೂರ್ವ 48ರಲ್ಲಿ ಈಜಿಪ್ಟಿನ ದಡದಲ್ಲಿ ಇಳಿಯುತ್ತಿದ್ದಂತೆ ಕೊಲೆಯಾಗಿ ಹೋದ. ಕಂಬ ಎದ್ದಿದ್ದು ಮೂರು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ರೋಮಿನ ಡಯೊಕ್ಲೀಷನ್ ಚಕ್ರವರ್ತಿಯ ಗೌರವಕ್ಕೆ. ಆ ಚಕ್ರವರ್ತಿ ಊರಿಗೆ ಮುತ್ತಿಗೆ ಹಾಕಿ ಜನರನ್ನು ಉಪವಾಸ ಕೆಡವಿದ, ಆಮೇಲೆ ಧಾನ್ಯ ಹಂಚಿದ. ಹಂಚಿದ್ದಕ್ಕೆ ಕಂಬ. ಇಂಥ ಕಂಬಗಳು ನಮ್ಮಲ್ಲಿ ಫ್ಲೆಕ್ಸ್ ರೂಪದಲ್ಲಿ ಸಿಗುತ್ತವೆ.

ಈ ಕಂಬದ ಕತೆ ಇಲ್ಲಿಗೆ ಬಿಡೋಕೆ ಮನಸ್ಸಾಗುತ್ತಿಲ್ಲ. 1803ರಲ್ಲಿ ಜಾನ್ ಶಾರ್ಟ್‌ಲ್ಯಾಂಡ್ ಎಂಬ ಬ್ರಿಟಿಷ್ ನೌಕಾಧಿಕಾರಿ ಬಂದ. ನೋಡಿದ. ಹತ್ತಬೇಕು ಅನ್ನಿಸಿತು. ಏಕೆ ಅಂತ ಕೇಳಬೇಡಿ, ಹಡಗಿನವರಿಗೆ ಬಿಡುವು ಜಾಸ್ತಿ. ಗಾಳಿಪಟ ಹಾರಿಸಿ, ದಾರವನ್ನು ಕಂಬದ ತಲೆ ಮೇಲಿಂದ ದಾಟಿಸಿ, ದಾರಕ್ಕೆ ಹಗ್ಗ ಕಟ್ಟಿ, ಹಗ್ಗಕ್ಕೆ ಏಣಿ ಕಟ್ಟಿ ಮೇಲೇರಿದ. ಬಾವುಟ ನೆಟ್ಟು, ರಾಜನ ಹೆಸರಲ್ಲಿ ಕುಡಿದು, ಮೂರು ಸಲ ಜೈಕಾರ ಹಾಕಿ ಇಳಿದ. ಅಷ್ಟಕ್ಕೇ ತೃಪ್ತಿಯಾಗದೆ ಕೆಲವು ದಿನ ಬಿಟ್ಟು ಮತ್ತೆ ಹತ್ತಿ, ಗೆಳೆಯರ ಜತೆ ಮೇಲೆ ಕೂತು ಮಾಂಸದೂಟ ಮಾಡಿದ. ಆಗ ರೀಲ್ಸ್ ಇರಲಿಲ್ಲ ಅನ್ನೋದೊಂದೇ ಕೊರತೆ.

ಆಮೇಲೆ ಥಾಂಪ್ಸನ್. ಸಂಡರ್‌ಲ್ಯಾಂಡಿನ ಥಾಂಪ್ಸನ್. ಇವನ ಬಗ್ಗೆ ಚರಿತ್ರೆಗೆ ಬೇರೇನೂ ಬೇಕಾಗಿಲ್ಲ. ಆಳೆತ್ತರದ ಅಕ್ಷರಗಳಲ್ಲಿ ತನ್ನ ಹೆಸರು, ಊರು ಎರಡನ್ನೂ ಕಂಬದ ಮೇಲೆ ಬರೆದು ಹೋದ. ಅದನ್ನು ಕಂಡ ಫ್ರೆಂಚ್ ಲೇಖಕ ಫ್ಲೋಬೇರ್ 1850ರಲ್ಲಿ ಮನೆಗೆ ಬರೆದ ಪತ್ರದಲ್ಲಿ ಉರಿದುಬಿದ್ದ. ಕಂಬ ನೋಡಿದರೆ ಥಾಂಪ್ಸನ್ ಕಾಣುತ್ತಾನೆ, ಥಾಂಪ್ಸನ್ ನೆನಪಾಗದೆ ಕಂಬ ನೋಡುವಂತೆಯೇ ಇಲ್ಲ, ದಡ್ಡ ಹೋಗಿ ಸ್ಮಾರಕದ ಜತೆ ಅಮರನಾದ ಅಂತ. ಈಗಲೂ ನಾನು ಬರೆಯುತ್ತಿಲ್ವಾ ಅವನ ಬಗ್ಗೆ? ಬಂಡೆಯಿದ್ದಲ್ಲೆಲ್ಲ ಹೃದಯ ಕೆತ್ತಿ ಬಾಣ ಬಿಡುವ ನಮ್ಮ ಹುಡುಗರು ಊರಿನ ಹೆಸರು ಹಾಕೋದಿಲ್ಲ. ಅಷ್ಟರಮಟ್ಟಿಗೆ ಸಂಕೋಚ ಉಳಿದಿದೆ.

ಟಿಕೆಟ್ ಕಿಟಕಿಯ ಬಳಿ ಜಗಳ ಕೇಳಿಸುತ್ತದೆ. ನಮ್ಮವರೇ. ಟೋಪಿ ಹಾಕಿದ ನಿವೃತ್ತ ಯಜಮಾನರೊಬ್ಬರು ದರಪಟ್ಟಿಗೆ ಬೆರಳು ಬಡಿಯುತ್ತಿದ್ದಾರೆ. ‘ನೋಡ್ರೀ ಅನ್ಯಾಯ, ಅವರಿಗೊಂದು ರೇಟು, ನಮಗೊಂದು ರೇಟು. ನಾವೇನು ಅಮೆರಿಕದವರಾ?’ ಪಕ್ಕದಲ್ಲಿ ಅವರ ಮನೆಯವರು ಚಟ್ನಿಪುಡಿ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಾ, ‘ಹೋಗ್ಲಿ ಬಿಡ್ರೀ, ಇಷ್ಟು ದೂರ ಬಂದಿದೀವಿ’ ಅನ್ನುತ್ತಿದ್ದಾರೆ. ಹಂಪಿಯ ವಿಠ್ಠಲ ದೇವಸ್ಥಾನದ ಬಾಗಿಲಲ್ಲಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ಆ ಬೋರ್ಡಿನ ಎದುರು ನಿಂತು ಯಾವ ಯಜಮಾನರೂ ನ್ಯಾಯ ಕೇಳಿದ್ದು ನಾನು ಕಂಡಿಲ್ಲ. ವಿದೇಶಿ ಅನ್ನೋದು ಯಾವಾಗಲೂ ಬೇರೆಯವರೇ, ಅಲ್ವಾ?

ಗ್ರೀಕೋ–ರೋಮನ್ ಮ್ಯೂಸಿಯಂ ಈಗ ತೆರೆದಿದೆ. 2005ರಲ್ಲಿ ರಿಪೇರಿಗೆ ಅಂತ ಮುಚ್ಚಿದವರು 2023ರಲ್ಲಿ ತೆರೆದರು. ನಮ್ಮ ಫ್ಲೈಓವರ್‌ಗಳಿಗೆ ಹೋಲಿಸಿದರೆ ಶೀಘ್ರ ಕಾಮಗಾರಿ. ಗ್ರಂಥಾಲಯವೂ ಇದೆ. ಪ್ರಾಚೀನ ಕಾಲದ ಆ ಹೆಸರಾಂತ ಗ್ರಂಥಾಲಯವಲ್ಲ, ಅದು ಎಲ್ಲಿತ್ತು ಅಂತಲೇ ಖಚಿತವಿಲ್ಲ. 2002ರಲ್ಲಿ ಶುರುವಾದ ಹೊಸದು, 80 ಲಕ್ಷ ಪುಸ್ತಕ ಹಿಡಿಸುವಷ್ಟು ಜಾಗ. ಪುಸ್ತಕ ನಿಧಾನಕ್ಕೆ ಬರಲಿ ಬಿಡಿ. ಹಳೆಯ ಟಾಲೆಮಿ ರಾಜರು ಬಂದರಿಗೆ ಬಂದ ಹಡಗುಗಳಿಂದಲೇ ಪುಸ್ತಕ ಕಿತ್ತುಕೊಂಡು, ನಕಲು ಮಾಡಿಸಿ, ನಕಲನ್ನು ಮಾಲೀಕನಿಗೆ ಕೊಟ್ಟು ಅಸಲನ್ನು ಇಟ್ಟುಕೊಳ್ಳುತ್ತಿದ್ದರಂತೆ. ಕಸ್ಟಮ್ಸ್‌ನವರು ಸಾಹಿತ್ಯಕ್ಕೆ ಸಲ್ಲಿಸಿದ ಏಕೈಕ ಸೇವೆ.

ಈ ಊರಿನಲ್ಲಿ ಪಾಯ ತೋಡಿದರೆ ಏನಾದರೂ ಸಿಗುತ್ತದೆ. 2018ರಲ್ಲಿ ಮನೆ ಕಟ್ಟಲು ಅಗೆದಾಗ ಕಪ್ಪು ಗ್ರಾನೈಟಿನ ದೊಡ್ಡ ಶವಪೆಟ್ಟಿಗೆ ಸಿಕ್ಕಿದ್ದು ನೆನಪಿದೆಯಲ್ಲ? ತೆರೆದರೆ ಶಾಪ ತಟ್ಟುತ್ತದೆ ಅಂತ ಇಡೀ ಜಗತ್ತು ಉಗುರು ಕಚ್ಚಿತು. ತೆರೆದರೆ ಮೂರು ಅಸ್ಥಿಪಂಜರ, ಅದರ ಸುತ್ತ ಕೆಂಪಗಿನ ಚರಂಡಿ ನೀರು. ಆ ನೀರು ಕುಡಿಯಲು ಬಿಡಿ ಅಂತ ಸಾವಿರಾರು ಜನ ಆನ್‌ಲೈನ್ ಅರ್ಜಿಗೆ ಸಹಿ ಹಾಕಿದರು. ಅದು ಸಂಜೀವಿನಿಯಲ್ಲ, ಕೊಳಚೆ ಅಂತ ಅಧಿಕಾರಿಗಳು ಸ್ಪಷ್ಟನೆ ಕೊಡಬೇಕಾಯಿತು. ತಮಾಷೆಗೆ ಸಹಿ ಹಾಕಿದರು ಅನ್ನಿ. ಎಲ್ಲರೂ ತಮಾಷೆಗೇ ಹಾಕಿದರು ಅಂತ ಪ್ರಮಾಣ ಮಾಡುವ ಧೈರ್ಯ ನನಗಿಲ್ಲ.

ಇಷ್ಟೆಲ್ಲ ಇಲ್ಲದ್ದರ ನಡುವೆ ಅಲೆಕ್ಸಾಂಡ್ರಿಯಾದಲ್ಲಿ ನಿಜಕ್ಕೂ ಇರುವುದು ಸಮುದ್ರ. ಅದನ್ನು ಮುಚ್ಚುವ ಕೆಲಸ ಭರದಿಂದ ಸಾಗಿದೆ. ಕಾರ್ನಿಶ್ ಎಂಬ ದಂಡೆಯ ರಸ್ತೆಯಲ್ಲಿ ನಡೆಯುತ್ತಾ ಹೋದರೆ ನೀರಿನ ಕಡೆಗೆ ಕೆಫೆ, ಆಮೇಲೆ ಹೋಟೆಲು, ಆಮೇಲೆ ಗೋಡೆ, ಮತ್ತೆ ಕೆಫೆ. ಮೊದಲೆಲ್ಲ ಸಂಜೆ ಕಟ್ಟೆ ಮೇಲೆ ಬಿಟ್ಟಿಯಾಗಿ ಕೂರುತ್ತಿದ್ದವರು ಈಗ ಅಲೆ ನೋಡಬೇಕಾದರೆ ಕಾಫಿ ಕೊಳ್ಳಬೇಕು, ಮರಳಿಗೆ ಇಳಿಯಬೇಕಾದರೆ ಬಹಳ ಕಡೆ ದುಡ್ಡು ಕಟ್ಟಬೇಕು. ಯಾರಪ್ಪನ ಸಮುದ್ರ ಇದು? ಮಕ್ಕಳನ್ನು ಕಟ್ಟಿಕೊಂಡು ಗಾಳಿ ಕುಡಿಯಲು ಬಂದವನ ಹತ್ತಿರ ಕಿತ್ತುಕೊಳ್ಳೋಕೆ ಇನ್ನೇನು ಉಳಿದಿದೆ ಅಂತ ಇದನ್ನೂ ಕಿತ್ತುಕೊಂಡರು?

ಸಮುದ್ರ ಮಾತ್ರ ಹಿಂದಿನಿಂದ ಬರುತ್ತಿದೆ. ಉಪ್ಪುನೀರು ಮಣ್ಣಿನೊಳಗೆ ನುಗ್ಗಿ, ಕಟ್ಟಡಗಳನ್ನು ಬುಡದಿಂದ ತಿನ್ನುತ್ತಿದೆ. ಹಿಂದೆ ವರ್ಷಕ್ಕೆ ಒಂದು ಕಟ್ಟಡ ಬೀಳುತ್ತಿದ್ದದ್ದು ಈಗ ಸುಮಾರು 40ಕ್ಕೆ ಏರಿದೆ ಅನ್ನುತ್ತದೆ 2025ರ ಅಧ್ಯಯನ. ಬೀಳುವುದು ಸ್ಮಾರಕಗಳಲ್ಲ. ಒಳಗೆ ಜನ ಮಲಗಿರುವ ಮನೆಗಳು. ಇದಕ್ಕೆ ನಗೆಯ ಮಾತು ಹುಡುಕುವುದು ನನ್ನಿಂದಾಗದು.

2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಆಗಿನ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್, ಬಿಸಿ ನಾಲ್ಕು ಡಿಗ್ರಿ ಏರಿದರೆ ಮಯಾಮಿ, ಅಲೆಕ್ಸಾಂಡ್ರಿಯಾ, ಶಾಂಘೈಗಳಿಗೆ ವಿದಾಯ ಹೇಳಬೇಕಾಗುತ್ತದೆ ಅಂದರು. ಅಂದವರು ರಾತ್ರಿ ಊಟಕ್ಕೆ ಖಾಸಗಿ ವಿಮಾನದಲ್ಲಿ ಲಂಡನ್ನಿಗೆ ವಾಪಸಾದರು. ಜಗತ್ತು ಉಗುಳುವ ಹೊಗೆಯಲ್ಲಿ ಈಜಿಪ್ಟಿನ ಪಾಲು ಶೇಕಡಾ 1ಕ್ಕಿಂತ ಕಡಿಮೆ. ಲಂಡನ್ನಿನ ನದಿ ದಂಡೆಯಲ್ಲಿ ‘ಕ್ಲಿಯೋಪಾತ್ರಾಳ ಸೂಜಿ’ ಅಂತ ಒಂದು ಕಂಬ ನಿಂತಿದೆ. ಅವಳಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು, ಅವಳದ್ದಲ್ಲ. 1878ರಲ್ಲಿ ಅಲೆಕ್ಸಾಂಡ್ರಿಯಾದಿಂದ ತಂದು ನಿಲ್ಲಿಸಿದ್ದು, ತರುವ ದಾರಿಯಲ್ಲಿ ಆರು ನಾವಿಕರು ಸತ್ತರು. ಅದನ್ನು ನೋಡೋಕೆ ಟಿಕೆಟ್ ಇಲ್ಲ. ಅಲೆಕ್ಸಾಂಡ್ರಿಯಾದವನಿಗೆ ಮಾತ್ರ ಮೊದಲು ವೀಸಾ ಸಿಗಬೇಕು.