ಟಿಕೆಟ್ಟಿಗೆ ದೊಡ್ಡವನು, ಆಟಕ್ಕೆ ಚಿಕ್ಕವನು

ನನ್ನ ಮೂರು ವರ್ಷದ ಮಗನ ಎತ್ತರ, ಶೂ ಸಮೇತ, 92 ಸೆಂಟಿಮೀಟರ್. ಹೆತ್ತವಳಾದ ನನಗೇ ಇದು ಗೊತ್ತಿರಲಿಲ್ಲ. ಕಳೆದ ಭಾನುವಾರ ಬೆಂಗಳೂರಿನ ಹೊರಗಿನ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನ ಟಿಕೆಟ್ ಕಿಟಕಿಯಲ್ಲಿ ತಿಳಿಸಿಕೊಟ್ಟರು, 1,299 ರೂಪಾಯಿ ತೆಗೆದುಕೊಂಡು.

90ರ ಒಳಗಿದ್ದರೆ ಉಚಿತವಂತೆ. ಗೋಡೆಯ ಮೇಲಿನ ಜಿರಾಫೆ ಚಿತ್ರದ ಪಕ್ಕ ಅವನನ್ನು ನಿಲ್ಲಿಸಿದರು. ಶೂ ಬಿಚ್ಚಿಸುತ್ತೇನೆ ಎಂದೆ. ‘ಪರವಾಗಿಲ್ಲ ಮೇಡಂ, ಹಾಗೇ ಇರಲಿ’ ಎಂದರು. ಎಂಥ ಔದಾರ್ಯ! ಆ ಶೂವಿನ ಅಟ್ಟೆಯೇ ಎರಡು ಸೆಂಟಿಮೀಟರ್ ದಪ್ಪವಿದೆ. ನನ್ನ ಗಂಡ ‘ಹೋಗಲಿ ಬಿಡು, ಮಕ್ಕಳ ಎದುರಿಗೆ ಜಗಳ ಬೇಡ’ ಎಂದು ಕಾರ್ಡ್ ಉಜ್ಜಿಬಿಟ್ಟರು. ಅತ್ತೆಯವರಿಗೆ ಹಿರಿಯ ನಾಗರಿಕರ ರಿಯಾಯಿತಿ ಕೇಳಿದೆವು. ಆಧಾರ್ ಕಾರ್ಡಿನ ಜೆರಾಕ್ಸ್ ನಡೆಯುವುದಿಲ್ಲ, ಮೂಲ ಪ್ರತಿಯೇ ಬೇಕು ಎಂದರು. ಎಪ್ಪತ್ತೊಂದು ವರ್ಷದ ಹೆಂಗಸು ನರೆತ ತಲೆ ಹೊತ್ತು ಎದುರಿಗೇ ನಿಂತಿದ್ದರು. ಅದಕ್ಕಿಂತ ಮೂಲ ಪ್ರತಿ ಇನ್ನಾವುದು ಬೇಕಿತ್ತೋ.

ಮುಂದೆ ಚೀಲದ ತಪಾಸಣೆ. ಮಗನಿಗೆಂದು ಅತ್ತೆ ಬೆಳಿಗ್ಗೆ ಐದಕ್ಕೆ ಎದ್ದು ಕಲಸಿದ್ದ ಮೊಸರನ್ನದ ಸ್ಟೀಲ್ ಡಬ್ಬಿ ಹೊರಬಂತು. ಹೊರಗಿನ ತಿಂಡಿಗೆ ಪ್ರವೇಶವಿಲ್ಲ. ಚಿಕ್ಕ ಮಗು, ಖಾರ ತಿನ್ನುವುದಿಲ್ಲ ಎಂದೆ. ‘ಒಳಗೆ ಎಲ್ಲವೂ ಸಿಗುತ್ತದೆ ಮೇಡಂ.’ ಸಿನಿಮಾ ಮಂದಿರಗಳು ಹೊರಗಿನ ತಿಂಡಿ ತಡೆಯಬಹುದು ಎಂದು 2023ರ ಜನವರಿಯಲ್ಲಿ ಹೇಳಿದ ಸುಪ್ರೀಂ ಕೋರ್ಟ್ ಕೂಡ, ಪುಟ್ಟ ಮಕ್ಕಳಿಗೆ ತಂದ ಆಹಾರವನ್ನು ಬಿಡಬೇಕು, ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು ಎಂದಿತ್ತು. ಅದು ಸಿನಿಮಾ ಮಂದಿರದ ಮಾತು, ಪಾರ್ಕಿನದಲ್ಲ, ಒಪ್ಪುತ್ತೇನೆ. ಆದರೆ ಮಗುವಿನ ಹೊಟ್ಟೆಗೆ ಈ ವ್ಯತ್ಯಾಸ ಗೊತ್ತಾಗುತ್ತದೆಯೇ? ಡಬ್ಬಿಯನ್ನು ಒಂದು ಕಪಾಟಿನಲ್ಲಿಟ್ಟು 214 ಎಂಬ ಟೋಕನ್ ಕೊಟ್ಟರು. ಒಳಗೆ ಸಿಕ್ಕ ‘ಎಲ್ಲವೂ’ ಎಂದರೆ ನೂಡಲ್ಸ್, ಫ್ರೈಡ್ ರೈಸ್, ಮಸಾಲೆ ಪುಡಿ ಉದುರಿಸಿದ ಆಲೂಗೆಡ್ಡೆ. ನನ್ನ ಮಗ ಮಧ್ಯಾಹ್ನ ತಿಂದದ್ದು ಎರಡು ಬಿಸ್ಕತ್ತು ಮತ್ತು ಒಂದು ಐಸ್‌ಕ್ರೀಂ.

ಇದೆಲ್ಲವನ್ನೂ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಇನ್ನೂ ಬಾಕಿ ಇತ್ತು.

ಒಳಗೆ ಪ್ರತಿ ಆಟದ ಬಾಗಿಲಲ್ಲೂ ಮತ್ತೊಂದು ಜಿರಾಫೆ. ಇಲ್ಲಿ ಮಾತ್ರ ಅಳತೆ 90 ಅಲ್ಲ. ಒಂದು ಕಡೆ 120, ಇನ್ನೊಂದು ಕಡೆ 140. ಟಿಕೆಟ್ ಕಿಟಕಿಯಲ್ಲಿ ಒಂದೇ ಕ್ಷಣದಲ್ಲಿ ‘ದೊಡ್ಡವ’ನಾಗಿದ್ದ ನನ್ನ ಮಗ ಇಲ್ಲಿ ಎಲ್ಲ ಬಾಗಿಲಲ್ಲೂ ಚಿಕ್ಕವನು. ಏಳು ವರ್ಷದ ಮಗಳು ಐವತ್ತು ನಿಮಿಷ ಬಿಸಿಲಿನಲ್ಲಿ ಸಾಲಿನಲ್ಲಿ ನಿಂತು ಮೊದಲ ಆಟದ ಬಾಗಿಲು ಮುಟ್ಟಿದಳು. ಅಲ್ಲಿ ಅಳೆಯುವ ಮುನ್ನ ಹುಡುಗ ಏನೆಂದ ಗೊತ್ತೇ? ‘ಶೂ ಬಿಚ್ಚಿ.’ ಬಿಚ್ಚಿದಳು. 119. ಒಂದು ಸೆಂಟಿಮೀಟರ್ ಸಾಲದು. ಅವಳು ತುದಿಗಾಲಿನಲ್ಲಿ ನಿಂತಳು, ಆ ಹುಡುಗ ಅವಳ ಹಿಮ್ಮಡಿಯನ್ನೇ ದಿಟ್ಟಿಸಿದ. ಹಣ ವಸೂಲಿಗೆ ಶೂ ಸೇರಿಸಿ ಅಳತೆ, ಆಟ ಕೊಡುವಾಗ ಶೂ ಕಳೆದು ಅಳತೆ. ರಾಗಿ ಕೊಳ್ಳಲು ಒಂದು ಸೇರು, ಮಾರಲು ಇನ್ನೊಂದು ಸೇರು ಇಟ್ಟುಕೊಂಡ ಅಂಗಡಿಯವನ ಕತೆಯನ್ನು ನಮ್ಮ ಅಜ್ಜಿ ಹೇಳುತ್ತಿದ್ದರು. ಅವನು ಈಗ ಪಾರ್ಕ್ ತೆರೆದಿರಬೇಕು.

ಸುರಕ್ಷತೆಯ ಬಗ್ಗೆ ನನ್ನ ತಕರಾರಿಲ್ಲ, ದಯವಿಟ್ಟು ಯಾರೂ ಪಾಠ ಹೇಳಲು ಬರಬೇಡಿ. ತೊಡೆಯ ಮೇಲೆ ಬಂದು ಕೂರುವ ಕಬ್ಬಿಣದ ಕಂಬಿ ದೊಡ್ಡವರ ಅಳತೆಗೆ ನಿಂತರೆ ಪಕ್ಕದ ಮಗು ಅದರಡಿಯಿಂದ ಜಾರಬಹುದು ಎಂಬುದು ನನಗೂ ತಿಳಿಯುತ್ತದೆ. ಆ ಹುಡುಗ ಮಗಳನ್ನು ತಡೆದದ್ದು ಸರಿಯೇ. ನನ್ನ ಪ್ರಶ್ನೆ ಹಣದ್ದು. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬರ್ತ್ ಕೇಳದಿದ್ದರೆ ಟಿಕೆಟ್ಟೇ ಬೇಡ. ಐದು ದಾಟಿ ಹನ್ನೆರಡರೊಳಗಿದ್ದರೆ, ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ಕೊಟ್ಟದ್ದಕ್ಕೆ ಹಣ, ಅಷ್ಟೇ ಲೆಕ್ಕ. ಇಲ್ಲಿ? ಮಗನಿಗೆ ಹತ್ತಲು ಬಿಟ್ಟದ್ದು ‘ಚಿಣ್ಣರ ಅಂಗಳ’ ಎಂಬ ಮೂಲೆಯಲ್ಲಿದ್ದ ಮೂರು ಆಟಗಳಿಗೆ. ಒಂದಕ್ಕೆ ‘ದುರಸ್ತಿಯಲ್ಲಿದೆ’ ಎಂಬ ಫಲಕ. ಇನ್ನೊಂದು ಊಟದ ವಿರಾಮದ ನಂತರ ತೆರೆಯಲೇ ಇಲ್ಲ. ಉಳಿದದ್ದು ಸುತ್ತುವ ಕುದುರೆ. ಒಂದೇ ಕುದುರೆಯ ಮೇಲೆ ನಾಲ್ಕು ಬಾರಿ ಕುಳಿತ. ಒಂದು ಸುತ್ತಿಗೆ ಎಷ್ಟಾಯಿತು ಎಂದು ಭಾಗಾಕಾರ ಮಾಡಿ ನೋಡಿ, ನಾನು ಮಾಡಿದ್ದೇನೆ. ನಮ್ಮೂರ ಜಾತ್ರೆಯಲ್ಲಿ ಅಷ್ಟು ಹಣಕ್ಕೆ ಆ ಕುದುರೆಯನ್ನು ಮನೆಗೇ ಕಳುಹಿಸಿಕೊಡುತ್ತಿದ್ದರೇನೋ.

ನೀರಿನ ಆಟದ ಕಡೆ ಹೋದರೆ ಹತ್ತಿ ಬಟ್ಟೆಗೆ ಅವಕಾಶವಿಲ್ಲ. ಎಳೆಗಳು ನೀರು ಸೋಸುವ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತವೆ, ಸರಿ, ಅದೂ ನ್ಯಾಯವೇ. ಆದರೆ ಟಿಕೆಟ್ ಕೊಡುವಾಗ ಬಾಯಿ ಬಿಡದವರು, ನೈಲಾನ್ ಬಟ್ಟೆ ಮಾರುವ ಅಂಗಡಿಯ ಬಾಗಿಲಲ್ಲೇ ಈ ಜ್ಞಾನೋದಯ ಮಾಡಿಸುವುದೇಕೆ? ಆ ಕಾಂಕ್ರೀಟ್ ನೆಲದಲ್ಲಿ ಚಪ್ಪಲಿಯನ್ನೂ ಬಿಡುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಎರಡು ಗಂಟೆಗೆ ಮಗನನ್ನು ಇಳಿಸಿದೆ. ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿದು ಮತ್ತೆ ನನ್ನ ಸೊಂಟಕ್ಕೇ ಏರಿದ, ಸಂಜೆಯವರೆಗೂ ಇಳಿಯಲಿಲ್ಲ.

ಅತ್ತೆ? ಅವರು ಸೀರೆ ಉಟ್ಟಿದ್ದರು, ನೀರಿಗೂ ಇಳಿಯಲಿಲ್ಲ, ಯಾವ ಯಂತ್ರವನ್ನೂ ಏರಲಿಲ್ಲ. ಒಂದು ಬೇವಿನ ಮರದ ಕೆಳಗೆ ನಮ್ಮ ಚೀಲಗಳನ್ನು ಕಾಯುತ್ತ ಕುಳಿತಿದ್ದರು. ಬೇವಿನ ನೆರಳಿಗೆ 1,599 ರೂಪಾಯಿ. ನಮ್ಮ ಹಿತ್ತಿಲಲ್ಲೂ ಒಂದು ಬೇವಿನ ಮರವಿದೆ, ಈಗ ಅದನ್ನು ನೋಡಿದಾಗಲೆಲ್ಲ ಅವರು ನಗುತ್ತಾರೆ. ನನಗಿನ್ನೂ ನಗು ಬಂದಿಲ್ಲ.

ಸಂಜೆ ಹೊರಡುವಾಗ ಟೋಕನ್ ಕೊಟ್ಟು ಡಬ್ಬಿ ಬಿಡಿಸಿಕೊಂಡೆವು. ಮುಚ್ಚಳ ತೆಗೆಯದೆಯೇ ಹುಳಿ ವಾಸನೆ. ಮನೆಗೆ ಬಂದು ತೊಳೆಯುವಾಗ ಅತ್ತೆ ತಳ ತಿರುಗಿಸಿ ನೋಡಿ ಸುಮ್ಮನೆ ನಿಂತುಬಿಟ್ಟರು. ಅದು ನಮ್ಮ ಡಬ್ಬಿಯೇ ಅಲ್ಲ. ನಮ್ಮದರ ತಳದಲ್ಲಿ ಮಾವನವರ ಹೆಸರು ಕೊರೆದಿತ್ತು. ಗೃಹಪ್ರವೇಶಕ್ಕೆ ಬಂದ ಉಡುಗೊರೆ, ಮಾವ ತೀರಿಕೊಂಡು ಆರು ವರ್ಷವಾಯಿತು. ಇದರ ಮೇಲೆ ‘ಕೆ. ಎನ್.’ ಎಂದಿದೆ, ಒಳಗಿದ್ದದ್ದು ಚಿತ್ರಾನ್ನ. ಪಾರ್ಕಿಗೆ ಮೂರು ಸಲ ಕರೆ ಮಾಡಿದೆ, ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳುತ್ತಲೇ ಇದೆ.

ಕೆ. ಎನ್. ಅವರೇ, ನಿಮ್ಮ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದೇವೆ. ನಮ್ಮದು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ತಿಳಿಸಿ.