ಮಳೆ ರಜೆ ಮಕ್ಕಳಿಗೆ, ಮೇಷ್ಟ್ರಿಗಲ್ಲ

ನಮ್ಮ ಹೊಸನಗರದ ಕಡೆ ಜುಲೈ ತಿಂಗಳ ರಜೆಗಳು ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಮೊಬೈಲಿಗೆ ಬರುತ್ತವೆ. ರಾತ್ರಿಯೇ ಬಂದರೆ ಪುಣ್ಯ. ಎಷ್ಟೋ ಸಲ ಬೆಳಿಗ್ಗೆ, ಇನ್ನೇನು ಕೊನೆಯ ದೋಸೆ ತಟ್ಟೆಗೆ ಬೀಳಬೇಕು, ಆಗ ಬರುತ್ತದೆ: ಭಾರಿ ಮಳೆ, ತಾಲ್ಲೂಕಿನ ಅಂಗನವಾಡಿ, ಶಾಲೆಗಳಿಗೆ ಇಂದು ರಜೆ. ಅದರ ಬೆನ್ನಿಗೇ ನಮ್ಮ ಗುಂಪಿನಲ್ಲಿ ಇನ್ನೊಂದು ಸಂದೇಶ: ಶಿಕ್ಷಕರು ಎಂದಿನಂತೆ ಹಾಜರಿರತಕ್ಕದ್ದು.

ಮಕ್ಕಳು ಹಳ್ಳ ದಾಟಿ ಬರುವುದು ಅಪಾಯ ಅಂತ ರಜೆ. ಅದೇ ಹಳ್ಳ ದಾಟಿ ನಾವು ಹೋಗಬೇಕು. ಡಿ.ಎಡ್. ಮುಗಿಸಿದವರಿಗೆಲ್ಲ ಈಜು ಬರುತ್ತೆ ಅಂತ ಮೇಲಿನವರು ನಂಬಿದ್ದಾರೋ ಏನೋ.

ಶಾಲೆ ತಲುಪಿ ಪ್ಯಾಂಟು ಮಡಚಿ, ಕಾಲಿಗೆ ಕಚ್ಚಿದ್ದ ಉಂಬಳಕ್ಕೆ ಉಪ್ಪು ಹಾಕಿ ಕೂತರೆ ಮೊದಲ ಅರ್ಧ ಗಂಟೆ ಕಳೆಯುತ್ತದೆ. ಆಮೇಲೆ ಎಂತ ಮಾಡುವುದು? ಮಕ್ಕಳ ವಿವರ ದಾಖಲಿಸುವ ಸ್ಯಾಟ್ಸ್ ಜಾಲತಾಣದಲ್ಲಿ ಮಾಹಿತಿ ತುಂಬೋಣ ಅಂದ್ರೆ ಕರೆಂಟಿಲ್ಲ. ಮೊಬೈಲಿನಲ್ಲಿ ತುಂಬೋಣ ಅಂದ್ರೆ ನೆಟ್‌ವರ್ಕು ಸಿಗುವುದು ಹೊರಗೆ ಬಾವಿಕಟ್ಟೆಯ ಹತ್ತಿರ ಮಾತ್ರ. ಅಲ್ಲಿ ಒಂದು ಕೈಯಲ್ಲಿ ಛತ್ರಿ ಹಿಡಿದು ಇನ್ನೊಂದು ಕೈಯಲ್ಲಿ ಓಟಿಪಿ ಒತ್ತುವಷ್ಟರಲ್ಲಿ ಗಾಳಿಗೆ ಛತ್ರಿ ಉಲ್ಟಾ ಆಗಿರುತ್ತದೆ.

ಹಾಗಾಗಿ ಹವಾಮಾನ ಇಲಾಖೆಯ ಕೆಲಸವನ್ನೂ ನಾವೇ ವಹಿಸಿಕೊಳ್ಳುತ್ತೇವೆ. ನಮ್ಮ ಪಿಟಿ ಮೇಷ್ಟ್ರ ಊರು ಆಗುಂಬೆ ಹತ್ತಿರ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಜಾಗದಿಂದ ಬಂದವರು ಅನ್ನುವ ಗತ್ತು ಅವರಿಗೆ. 'ಇದೂ ಒಂದು ಮಳೆಯಾ ಮಾರಾಯ್ರೆ?' ಅನ್ನುತ್ತಾರೆ. ಗಣಿತದ ಮೇಡಂ ಹುಲಿಕಲ್ ಕಡೆಯವರು. ಬಿಡ್ತಾರಾ? ಎಷ್ಟೋ ವರ್ಷ ಹುಲಿಕಲ್ ಆಗುಂಬೆಯನ್ನೇ ಹಿಂದೆ ಹಾಕಿದೆ ಅಂತ ಪೇಪರಿನ ತುಣುಕು ತೋರಿಸುತ್ತಾರೆ. ಇಬ್ಬರೂ ಮಳೆಯನ್ನು ಸ್ವಂತ ತೋಟದಲ್ಲಿ ಬೆಳೆದವರ ಹಾಗೆ ಜಗಳವಾಡುತ್ತಾರೆ. ಕೊನೆಗೆ ಲಿಂಗನಮಕ್ಕಿ ಜಲಾಶಯದ ಮಟ್ಟ ಎಷ್ಟಾಯ್ತು ಅನ್ನುವಲ್ಲಿಗೆ ರಾಜಿಯಾಗುತ್ತದೆ. ಪೂರ್ತಿ ಮಟ್ಟ 1,819 ಅಡಿ ಅಂತ ನಮ್ಮಲ್ಲಿ ಯಾರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಸ್ವಂತ ಪ್ಯಾನ್ ನಂಬರ್ ಕೇಳಿದರೆ ಕಷ್ಟ.

ಹೆಡ್‌ಮಾಸ್ಟ್ರು ಇದಕ್ಕೆಲ್ಲ ಸೇರುವುದಿಲ್ಲ. ಅವರಿಗೆ ಅಡಿಕೆ ತೋಟದ ಚಿಂತೆ. ಎರಡನೇ ಸಲದ ಔಷಧಿ ಹೊಡೆಸಿಲ್ಲ, ಕೊಳೆ ರೋಗ ಬಂದರೆ ಗತಿ ಏನು ಅಂತ ಕಿಟಕಿಯಲ್ಲಿ ನಿಂತು ಮಳೆ ಹೊಳವಾಗುವುದನ್ನೇ ಕಾಯುತ್ತಾರೆ.

ಇಂಥ ಒಂದು ದಿನ ಬಾಗಿಲಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬ ಪ್ರತ್ಯಕ್ಷನಾದ. ಪ್ಲಾಸ್ಟಿಕ್ ಕೊಪ್ಪೆ, ಬೆನ್ನಲ್ಲಿ ಚೀಲ.

'ಇವತ್ತು ರಜೆ ಅಲ್ವೇನೋ?'

'ಗೊತ್ತು ಸಾರ್. ಮನೇಲಿ ಕಾಟ ಕೊಡ್ತೀಯ, ಶಾಲೆಗೆ ಹೋಗಿ ಸಾಯಿ ಅಂದ್ಲು ಅಮ್ಮ. ಶಾಲೆ ಪಕ್ಕದ ಮನೆ ತಾನೆ ನಂದು.'

ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಎದ್ದು ನಿಂತೆವು. ಅವನಿಗೆ ಅಂಥ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ಗಣಿತದ ಮೇಡಂ 'ಮೊದಲು ನನ್ನ ಹತ್ರ ಬಾ, ಭಿನ್ನರಾಶಿ ಬಾಕಿ ಇದೆ' ಅಂತ ಕೈ ಹಿಡಿದರು. ನಾನು ಪದ್ಯ ಓದಿಸಿದೆ. ಪಿಟಿ ಮೇಷ್ಟ್ರು ಕ್ಯಾರಂ ಬೋರ್ಡ್ ಇಳಿಸಿದರು. ಪೌಡರ್ ಇಲ್ಲದೆ ಸೀಮೆಸುಣ್ಣ ಪುಡಿ ಮಾಡಿ ಉದುರಿಸಿದರು. ಬಿಸಿಯೂಟ ಇರಲಿಲ್ಲ. ನಮ್ಮ ನಾಲ್ಕೂ ಡಬ್ಬಿಗಳ ರುಚಿ ನೋಡಿ, ಮೇಡಂ ತಂದಿದ್ದ ಪತ್ರೊಡೆಗೆ ಮಾತ್ರ ಪಾಸ್ ಮಾರ್ಕು ಕೊಟ್ಟ.

ಊಟವಾದ ಮೇಲೆ ಹೆಡ್‌ಮಾಸ್ಟ್ರ ಸರದಿ. ಅವರ ಲೆಕ್ಕವೂ ತೋಟದ್ದೇ, ಕೊಳೆಗೆ ಹೊಡೆಯುವ ಔಷಧಿಯದ್ದು. 'ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಹಾಗಾದ್ರೆ ಇನ್ನೂರೈವತ್ತು ಲೀಟರಿಗೆ?'

'ಎರಡೂವರೆ, ಎರಡೂವರೆ. ಸಾರ್, ನೀವು ಯಾವುದಕ್ಕೆ ಯಾವುದು ಹಾಕ್ತೀರಿ?'

'ಎರಡನ್ನೂ ಬೇರೆ ಬೇರೆ ಕರಗಿಸಿ... ಸುಣ್ಣದ ನೀರನ್ನ ತುತ್ತದ ಡ್ರಮ್ಮಿಗೆ.'

ಹುಡುಗ ಹಣೆ ಚಚ್ಚಿಕೊಂಡ. 'ಉಲ್ಟಾ ಸಾರ್! ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕ್ಬೇಕು. ಆಮೇಲೆ ಕತ್ತಿ ಅದ್ದಿ ನೋಡ್ಬೇಕು. ಕೆಂಪಗೆ ಅಂಟಿದ್ರೆ ಸುಣ್ಣ ಸಾಲ್ಲ ಅಂತ. ನಮ್ಮಪ್ಪ ಹಂಗೇ ಮಾಡೋದು. ಪ್ಲಾಸ್ಟಿಕ್ ಡ್ರಮ್ಮೇ ಅಲ್ವಾ ನಿಮ್ದು?'

ಹೆಡ್‌ಮಾಸ್ಟ್ರು ಸುಮ್ನೆ ಪೆನ್ ತೆಗೆದು ಬರೆದುಕೊಂಡರು. ಮೇಡಂ ನಗು ತಡೆಯಲಾರದೆ ಹೊರಗೆ ಹೋದರು. ನನಗಂತೂ ಆ ವರ್ಷ ನಮ್ಮ ಶಾಲೆಯಲ್ಲಿ ನಡೆದ ಅತ್ಯುತ್ತಮ ಪಾಠ ಅದೇ ಅನ್ನಿಸಿತು. ಪಾಠಯೋಜನೆ ಬರೆದಿರಲಿಲ್ಲ ಅಷ್ಟೇ.

ಮೂರು ಗಂಟೆ ಹೊತ್ತಿಗೆ ಹುಡುಗ ಸೋತು ಹೋಗಿದ್ದ. ನಾಲ್ಕು ಜನ ಮೇಷ್ಟ್ರನ್ನು ಒಬ್ಬನೇ ಸಂಭಾಳಿಸುವುದು ಸುಲಭವಾ? 'ಸಾರ್, ಹೊಟ್ಟೆ ನೋವು, ಮನೆಗೆ ಹೋಗ್ಲಾ?' ಅಂದ. ಪತ್ರೊಡೆ ತಿಂದ ಹೊಟ್ಟೆ, ಇರಬಹುದು ಅಂತ ಕಳಿಸಿದೆವು. ಇಷ್ಟೆಲ್ಲ ಮಾಡಿ ಅವನ ಹಾಜರಿ ಹಾಕುವಂತಿರಲಿಲ್ಲ. ಪುಸ್ತಕದ ಆ ಕಾಲಂನಲ್ಲಿ ಕೆಂಪು ಶಾಯಿಯಲ್ಲಿ ಉದ್ದಕ್ಕೆ 'ಮಳೆ ರಜೆ' ಅಂತ ಬರೆದಾಗಿತ್ತು. ಈ ದಿನವನ್ನು ಮತ್ತೆ ಶನಿವಾರ ಮಧ್ಯಾಹ್ನಗಳಲ್ಲಿ ತೀರಿಸಬೇಕು, ಅವನೂ ಸೇರಿ.

ಸಂಜೆ ಹೆಡ್‌ಮಾಸ್ಟ್ರ ಫೋನಿಗೆ ಅವನ ಅಮ್ಮನ ಕರೆ ಬಂತು. ಹೊಟ್ಟೆ ನೋವಿನ ವಿಷಯ ಇರಬೇಕು ಅಂತ ಹೆದರುತ್ತಲೇ ಎತ್ತಿದರು.

'ಸಾರ್, ನಾಳೆನೂ ರಜೆನಾ?'

'ಇನ್ನೂ ಆದೇಶ ಬಂದಿಲ್ಲಮ್ಮ. ಯಾಕೆ?'

'ರಜೆ ಇದ್ರೆ ಹೇಳಿ ಸಾರ್. ಇವನ ತಂಗೀನೂ ಕಳಿಸ್ತೀನಿ.'