ವೇರ್ ಸಾರೇ, ವೇರ್!

ಕಾಸರಗೋಡಿನ ಬದಿಯಡ್ಕ ಹತ್ರದ ನಮ್ಮ ಮನೇಲಿ ಬಚ್ಚಲಿನ ನೀರು ಹೋಗದೆ ನಾಲ್ಕು ದಿನ ಆಗಿತ್ತು. ನಿನ್ನ ತಲೆಕೂದಲು ಸಿಕ್ಕಿಹಾಕಿಕೊಂಡದ್ದು ಅಂತ ಅಮ್ಮ ಬೈದ್ರು, ಉದುರ್ಲಿಕ್ಕೆ ನನ್ನ ತಲೇಲಿ ಎಂತ ಉಂಟು ಮಾರಾಯ್ರೆ. ಕೊನೆಗೆ ಪ್ಲಂಬರ್‌ಗೆ ಹೇಳಿ ಆಫೀಸಿಗೆ ಹೊರಟೆ. ಕುಂಬಳೆ ದಾಟುವಾಗ ಅವನ ಫೋನು, ಬಸ್ಸಿನ ಹಾರ್ನು ಬೇರೆ, "ವೇರ್ ಸಾರೇ, ವೇರ್!" ಇವನಿಗೆ ಇಂಗ್ಲಿಷ್ ಯಾವಾಗ ಬಂತಪ್ಪಾ ಅಂತ ನಾನೂ ಗತ್ತಲ್ಲಿ "ಬಿಹೈಂಡ್ ದ ಬಾತ್‌ರೂಮ್" ಅಂದೆ. ಮೂರು ಸಲ.

ಸಂಜೆ ಬಂದು ನೋಡಿದ್ರೆ ಅಂಗಳದಲ್ಲಿ ಒಂದು ಮಾರು ಉದ್ದದ ಕಂದು ಜಡೆ ಮಲಗಿತ್ತು. ಮಲಯಾಳದಲ್ಲಿ ವೇರ್ ಅಂದ್ರೆ ಬೇರು ಅಂತ ಹುಟ್ಟಿದಾಗಿಂದ ಗೊತ್ತು ನನಗೆ, ಬಸ್ಸಲ್ಲಿ ನೇತಾಡುವಾಗ ಹೊಳೀಲಿಲ್ಲ ಅಷ್ಟೆ.

ಬಂದದ್ದು ಹಿತ್ತಲಿನ ತೆಂಗು. ಕರೆದದ್ದು ನಾನೇ. ಮೂರು ವರ್ಷದ ಹಿಂದೆ ಕೂಲಿ ಉಳಿಸ್ಲಿಕ್ಕೆ ಪೈಪು ನಾನೇ ಜೋಡಿಸಿದ್ದು, ಕೊನೇ ಜಾಯಿಂಟಿಗೆ ಬರುವಾಗ ಅಂಟಿಸುವ ಸೊಲ್ಯೂಶನ್ ಮುಗಿದಿತ್ತು, ನಾಳೆ ನೋಡುವ ಅಂತ ಹಾಗೇ ತುರುಕಿದ್ದೆ. ಅಲ್ಲಿ ತೊಟ್ಟಿಕ್ಕಿ ಬೇಸಿಗೇಲೂ ಮಣ್ಣು ಹಸಿ. "ವಾಸನೆ ಹಿಡ್ಕೊಂಡು ಬಂದದ್ದು" ಅಂದ ಪ್ಲಂಬರ್. ವಾಸನೆ ಎಂತದ್ದೂ ಇಲ್ಲ, ಬೇರಿನ ತುದಿ ಪಸೆ ಇದ್ದ ಕಡೆಗೆ ತಿರುಗಿ ಬೆಳೀತದೆ, ಸಪೂರ ತುದಿ ಸಂದಿಯಲ್ಲಿ ನುಗ್ಗಿ ಒಳಗೆ ಹೋದ ಮೇಲೆ ಕವಲೊಡೆದು ಜಡೆಗಟ್ತದೆ, ಮನೆಗೆ ಬಂದ ನೆಂಟರ ಹಾಗೆ.

ನಾಚಿಕೆ ಆದದ್ದು ಮತ್ತೆ. ತೆಂಗಿಗೆ ತಾಯಿಬೇರೂ ಇಲ್ಲ, ಬೇರುಕೂದಲೂ ಇಲ್ಲ, ಎಳೆ ಬೇರಿನ ತುದಿಯ ಹಿಂದಿನ ಮೆತ್ತಗಿನ ಭಾಗವೇ ಜಾಸ್ತಿ ನೀರು ಕುಡಿಯೋದು. ಮಾವಿನ ಮಿಡಿಗೆ ಉಪ್ಪು ಹಾಕಿದ್ರೆ ಹೊರಗೆ ಉಪ್ಪು ಜಾಸ್ತಿ ಅಂತ ಮಿಡಿಯ ನೀರು ಭರಣಿಗೆ ಇಳೀತದಲ್ಲ, ಇಲ್ಲಿ ಅದರ ಉಲ್ಟಾ, ಬೇರಿನ ಒಳಗಿನ ರಸ ಗಟ್ಟಿ, ಹಾಗಾಗಿ ಮಣ್ಣಿನ ನೀರು ಒಳಗೆ ಬರ್ತದೆ, ಮೇಲೆ ಬಿಸಿಲಿಗೆ ಮಡಲಿಂದ ನೀರು ಆವಿಯಾಗುವಾಗ ಆ ಎಳೆತ ಬುಡದವರೆಗೂ ಮುಟ್ತದೆ. ನಾನೋ, ಮೂರು ಬೇಸಿಗೆ ಪೈಪು ಹಿಡಿದು ಕಾಂಡಕ್ಕೇ ಅಭಿಷೇಕ ಮಾಡಿದ್ದು! ಕುಡಿಯುವ ಎಳೆ ಬೇರು ಸುತ್ತ ಹರಡಿರ್ತದೆ, ಹಾಗಾಗಿ ಬುಡದಿಂದ ಸುತ್ತಲೂ ಸುಮಾರು 2 ಮೀಟರ್ ದೂರದವರೆಗೆ ಕಟ್ಟೆ ಮಾಡಿ ನೀರು ಬಿಡ್ಬೇಕಿತ್ತು. 1916ರಿಂದ ತೆಂಗಿನ ಸಂಶೋಧನೆ ನಡೆಯುವ ಕಾಸರಗೋಡಲ್ಲಿ ಹುಟ್ಟಿ ಇದು ನನ್ನ ಅವಸ್ಥೆ.

ಈಗ ಅಮ್ಮನ ಹುಕುಂ ಪ್ರಕಾರ ಬಚ್ಚಲ ನೀರು ನೇರ ಆ ಕಟ್ಟೆಗೇ. ಭಾನುವಾರ ಹನ್ನೊಂದಾದ್ರೂ ಏಳದಿದ್ರೆ ಬಾಗಿಲು ಬಡೀತಾರೆ: "ಏಳೋ, ತೆಂಗಿಗೆ ಬಾಯಾರ್ತಾ ಉಂಟು, ಮೀಯ್ಲಿಕ್ಕೆ ಹೋಗು!"